ಗುಳಿಗೆ ಕೊಡುವವರು ಯಾರು? ಮನೆಯ ಹಿರಿಯರಿಗೆ ಔಷಧ ಕೊಡಿಸುವಾಗ ತಿಳಿದಿರಬೇಕಾದ ಕಾನೂನು ಮತ್ತು ಎಚ್ಚರ

ಈ ವಾರದ ಬರಹ ಸ್ವಲ್ಪ ಉದ್ದವಿದೆ. ಮನೆಯಲ್ಲಿ ವಯಸ್ಸಾದವರಿದ್ದು, ಅವರನ್ನು ನೋಡಿಕೊಳ್ಳಲು ಹೊರಗಿನವರನ್ನು ಇಟ್ಟುಕೊಂಡಿದ್ದರೆ ದಯವಿಟ್ಟು ಪೂರ್ತಿ ಓದಿ. ಊರಲ್ಲಿರುವ ಅಣ್ಣ ತಮ್ಮಂದಿರಿಗೂ ಕಳಿಸಿ.

ನಾನು ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಮುಂಬೈ ಕಡೆಯ ಉಪನಗರದಲ್ಲಿ ಮಗನ ಮನೆಯಲ್ಲಿದ್ದೇನೆ. ನಮ್ಮ ಸೊಸೈಟಿಯಲ್ಲೇ ಗದಗ ಕಡೆಯ ಒಂದು ಕುಟುಂಬವಿದೆ. ಗಂಡ ಹೆಂಡತಿ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು. ಊರಿನಿಂದ ಕರೆತಂದ ತಾಯಿಗೆ ಎಪ್ಪತ್ತು ದಾಟಿದೆ, ಕೀಲುವಾತ. ಅವರಿಗೆ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ, ವಾರಕ್ಕೆ ಒಂದೇ ದಿನ, ಸೋಮವಾರ. ಹಗಲು ನೋಡಿಕೊಳ್ಳಲು ಒಬ್ಬ ಮಾವಶಿ ಬರುತ್ತಿದ್ದಳು. ಅವಳು ಕೆಲಸ ಬಿಟ್ಟಳು, ಏಜೆನ್ಸಿಯವರು ಮರುದಿನವೇ ಹೊಸಬಳನ್ನು ಕಳಿಸಿದರು. ಹಳಬಳಿಗೂ ಹೊಸಬಳಿಗೂ ಭೇಟಿಯೇ ಆಗಲಿಲ್ಲ. ಹೊಸಬಳು ಒಳ್ಳೆಯ ಹೆಂಗಸು, ಅಚ್ಚುಕಟ್ಟು. ಬೆಳಗಿನ ಗುಳಿಗೆಗಳ ಡಬ್ಬಿಯಲ್ಲಿ ಆ ಸ್ಟ್ರಿಪ್ ಇತ್ತು. ಆದ್ದರಿಂದ ಅದನ್ನೂ ದಿನಾ ಬೆಳಿಗ್ಗೆ ಕೊಟ್ಟಳು.

ಒಂಬತ್ತನೇ ದಿನ ಅಜ್ಜಿಯ ಬಾಯಿತುಂಬ ಹುಣ್ಣು, ಜ್ವರ, ನೀರು ಕುಡಿಯಲೂ ಆಗದು. ಆಸ್ಪತ್ರೆಗೆ ಸೇರಿಸಿದಾಗ ಬಿಳಿ ರಕ್ತಕಣ ತೀರಾ ಇಳಿದಿತ್ತು. ಎರಡು ವಾರ ಅಲ್ಲೇ ಇದ್ದು, ಪುಣ್ಯಕ್ಕೆ ಬದುಕಿ ಬಂದರು. ಈ ಔಷಧವನ್ನು ವಾರಕ್ಕೊಮ್ಮೆಯ ಬದಲು ದಿನಾ ಕೊಟ್ಟು ಜೀವ ಹೋದ ಪ್ರಕರಣಗಳು ಜಗತ್ತಿನ ಎಲ್ಲ ಕಡೆ ಇವೆ.

ಅಜ್ಜಿ ಮನೆಗೆ ಬಂದ ಮೇಲೆ ನಾನು ನೋಡಲು ಹೋಗಿದ್ದೆ. ಆಗ ಅವರು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ನಾ ಹೇಳಿದ್ನ್ಯವಾ, ಇದು ದಿನಾ ತೊಗೊಳ್ಳೂ ಗುಳಗಿ ಅಲ್ಲ ಅಂತ. ಆಕಿಗೆ ನನ್ನ ಮಾತು ತಿಳೀಲಿಲ್ಲ."

ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದರು. ಹಗಲು ಹೊತ್ತಿನಲ್ಲಿ ಆ ಮನೆಯಲ್ಲಿ ಕನ್ನಡ ತಿಳಿಯುವವರು ಯಾರೂ ಇರಲಿಲ್ಲ, ಅಷ್ಟೇ. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲಿಯೇ ಇರಲಿ, ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದೇ ಸ್ಥಿತಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ನೋಡಿಕೊಳ್ಳುವವರ ಮಾತು ಮರಾಠಿ, ತಮಿಳು ಅಥವಾ ಹಿಂದಿಯಲ್ಲಿ, ಔಷಧ ನುಂಗುವವರ ಮಾತು ಕನ್ನಡದಲ್ಲಿ.

*ಕಾನೂನು ಏನು ಹೇಳುತ್ತದೆ?*

ಮನೆಗೆ ಬಂದು ಆರೈಕೆ ಮಾಡುವವರು ಔಷಧವನ್ನು ಹೇಗೆ ಕೊಡಬೇಕು ಎಂದು ಹೇಳುವ ಒಂದೇ ಪ್ರತ್ಯೇಕ ಕೇಂದ್ರ ಕಾನೂನು ನಮ್ಮ ದೇಶದಲ್ಲಿಲ್ಲ. ಇಂಗ್ಲೆಂಡಿನಲ್ಲಿ ನೈಸ್ ಎಂಬ ಸಂಸ್ಥೆ ಕೇರ್ ಹೋಮ್‌ಗಳಿಗಾಗಿ 2014ರಲ್ಲಿ, ಮನೆಗೆ ಹೋಗಿ ಆರೈಕೆ ಮಾಡುವವರಿಗಾಗಿ 2017ರಲ್ಲಿ, ಬರೀ ಔಷಧದ ವಿಷಯಕ್ಕೇ ಮಾರ್ಗಸೂಚಿ ಕೊಟ್ಟಿದೆ. ನಾವು ಬೇರೆ ಬೇರೆ ಕಾನೂನುಗಳ ತುಂಡುಗಳನ್ನು ಕೌದಿಯ ಹಾಗೆ ಹೊಲಿದುಕೊಳ್ಳಬೇಕು.

ಮೊದಲನೆಯದು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ, ಅದರ 1945ರ ನಿಯಮಗಳು. ಇದರಲ್ಲಿ ಷೆಡ್ಯೂಲ್ ಎಚ್ ಎಂಬ ಪಟ್ಟಿಯಿದೆ. ಅದರಲ್ಲಿರುವ ಔಷಧಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1 ಎಂಬ ಇನ್ನೊಂದು ಬಿಗಿಯಾದ ಪಟ್ಟಿ ಬಂತು. ಕೆಲವು ದೊಡ್ಡ ಆಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು, ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್‌ನಂಥ ನಿದ್ದೆ ಬರಿಸುವ ಗುಳಿಗೆಗಳು, ನೋವಿನ ಟ್ರಾಮಡಾಲ್ ಇದರಲ್ಲಿವೆ. ಇವನ್ನು ಮಾರುವಾಗ ಅಂಗಡಿಯವನು ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆ ಎಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದ್ದರಿಂದ ಕೆಲಸದವರ ಕೈಗೆ ಖಾಲಿ ಸ್ಟ್ರಿಪ್ ಕೊಟ್ಟು "ಇದನ್ನೇ ತಗೊಂಡು ಬಾ" ಎಂದು ಕಳಿಸಬೇಡಿ. ಚೀಟಿ ತೋರಿಸಿ, ಬಿಲ್ ತನ್ನಿ.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಅಥವಾ ಫೆಂಟನಿಲ್ ಪಟ್ಟಿ ಇರುವ ಮನೆಗಳಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯೂ ಅನ್ವಯಿಸುತ್ತದೆ. ಹೆದರಬೇಕಿಲ್ಲ, ಚೀಟಿಯ ಮೇಲೆ ಕೊಂಡದ್ದು ತಪ್ಪಲ್ಲ. ಚೀಟಿಯನ್ನು ಔಷಧದ ಜೊತೆಗೇ ಇಡಿ, ಬೀಗ ಹಾಕಿ, ಎಣಿಸಿ ಬರೆದಿಡಿ. ರೋಗಿ ತೀರಿಕೊಂಡ ಮೇಲೆ ಉಳಿದದ್ದನ್ನು ಯಾರಿಗೂ ದಾನ ಮಾಡಬೇಡಿ. ಚೀಟಿ ಕೊಟ್ಟ ಆಸ್ಪತ್ರೆಯನ್ನೇ ಕೇಳಿ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಎಲ್ಲರಿಗೂ ಗೊತ್ತು, ಆದರೆ ಮಕ್ಕಳು ತಿಂಗಳಿಗೆ ಹಣ ಕೊಡುವ ಕಾಯ್ದೆ ಎಂದಷ್ಟೇ ಗೊತ್ತು. ಅದರಲ್ಲಿ 'ಪೋಷಣೆ' ಎಂದರೆ ಊಟ, ಬಟ್ಟೆ, ಮನೆಯ ಜೊತೆಗೆ ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯೂ ಸೇರಿದೆ. ಅಂದರೆ ಅಪ್ಪ ಅಮ್ಮನ ಔಷಧದ ಹೊಣೆ ಕಾನೂನಿನ ಪ್ರಕಾರವೂ ಮಕ್ಕಳದೇ. ಆರೈಕೆಗೆ ಜನ ಇಟ್ಟ ಮಾತ್ರಕ್ಕೆ ಅದು ಅವರ ಹೆಗಲಿಗೆ ಹೋಗಿಬಿಡುವುದಿಲ್ಲ.

ಹಾಗಂತ ಏಜೆನ್ಸಿಯವರಿಗೆ ಹೊಣೆಯೇ ಇಲ್ಲ ಎಂದಲ್ಲ. ಹಣ ಪಡೆದು ಕೊಡುವ ಸೇವೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತದೆ. ಸೇವೆಯಲ್ಲಿ ಕೊರತೆಯಾದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮೊದಲು 1915ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆದರೆ ದೂರು ನಿಲ್ಲಬೇಕಾದರೆ ಕೈಯಲ್ಲಿ ಕಾಗದ ಬೇಕು. ಯಾರು ಬರುತ್ತಾರೆ, ಅವರ ತರಬೇತಿ ಏನು, ಔಷಧ ಕೊಡುವುದು ಅವರ ಕೆಲಸದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಹಳ ಮಂದಿ ಬರೀ ವಾಟ್ಸಾಪ್ ಮೆಸೇಜಿನ ಮೇಲೆ ಜನ ಇಟ್ಟುಕೊಳ್ಳುತ್ತಾರೆ.

ಅಜಾಗರೂಕತೆಯಿಂದ ಜೀವಕ್ಕೆ ಅಪಾಯ ತಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ, ಸಾವು ಸಂಭವಿಸಿದರೆ 106ನೇ ಕಲಂ ಇವೆ. ಕೆಟ್ಟ ಉದ್ದೇಶದಿಂದ ಮತ್ತು ಬರಿಸುವ ಔಷಧ ಕೊಟ್ಟರೆ 123ನೇ ಕಲಂ, ಅದಕ್ಕೆ ಹತ್ತು ವರ್ಷದವರೆಗೆ ಸೆರೆವಾಸ. ಈ ಕೊನೆಯದನ್ನು ಸುಮ್ಮನೆ ಹೇಳುತ್ತಿಲ್ಲ. ರಾತ್ರಿ ಪಾಳಿಯವರು ತಮಗೆ ನಿದ್ದೆ ಸಿಗಲೆಂದು ರೋಗಿಗೆ ಒಂದು ಗುಳಿಗೆ ಹೆಚ್ಚು ಕೊಡುವುದನ್ನು ನಾನೇ ಕಂಡಿದ್ದೇನೆ. ಹಗಲೆಲ್ಲ ತೂಕಡಿಕೆ, ನಾಲಿಗೆ ತೊದಲು, ಬಾತ್‌ರೂಮಿಗೆ ಹೋಗುವಾಗ ಬೀಳುವುದು ಹೊಸದಾಗಿ ಶುರುವಾದರೆ "ವಯಸ್ಸಾಯ್ತು" ಎಂದು ಬಿಡಬೇಡಿ. ನಿದ್ದೆ ಗುಳಿಗೆಯ ಸ್ಟ್ರಿಪ್ ತೆಗೆದು ಎಣಿಸಿ.

*ಆಯಾ ಬೇರೆ, ನರ್ಸ್ ಬೇರೆ*

ಬಿಳಿ ಕೋಟು ಹಾಕಿಕೊಂಡವರೆಲ್ಲ ನರ್ಸ್ ಅಲ್ಲ. ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರು ನರ್ಸ್. ನೋಂದಣಿ ಸಂಖ್ಯೆ ಕೇಳಿ, ಕೇಳುವುದರಲ್ಲಿ ಅವಮಾನವೇನಿಲ್ಲ. ಅಟೆಂಡೆಂಟ್, ವಾರ್ಡ್‌ಬಾಯ್, ಮಾವಶಿ ಎಂದು ಬರುವವರಲ್ಲಿ ಕೆಲವರು ಕೆಲವು ತಿಂಗಳ ಕೋರ್ಸ್ ಮಾಡಿರುತ್ತಾರೆ, ಕೆಲವರು ಏನೂ ಮಾಡಿರುವುದಿಲ್ಲ. ನನ್ನ ಮಟ್ಟಿಗೆ ಗೆರೆ ಇಲ್ಲಿದೆ: ಮನೆಯವರು ಮೊದಲೇ ವಿಂಗಡಿಸಿಟ್ಟ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೈಗೆ ಕೊಟ್ಟು, ನುಂಗಿದ್ದನ್ನು ನೋಡಿ, ಬರೆದಿಡುವುದು ಅಟೆಂಡೆಂಟ್ ಮಾಡಬಹುದು. ಇಂಜೆಕ್ಷನ್, ಸಲೈನ್, ಮೂಗಿನ ನಳಿಕೆಯಲ್ಲಿ ಔಷಧ, ಇವು ನರ್ಸ್ ಕೆಲಸ. ಇನ್ಸುಲಿನ್ ಮತ್ತು ನಳಿಕೆಯ ಕೆಲಸವನ್ನು ಆಸ್ಪತ್ರೆಯಲ್ಲಿ ಕಲಿತ ಮನೆಯವರು ಮಾಡಬಹುದು. "ಇಂದು ಬಿಪಿ ಜಾಸ್ತಿ ಕಾಣ್ತಿದೆ, ಇನ್ನೊಂದು ಕೊಡೋಣ" ಎಂದು ತೀರ್ಮಾನಿಸುವ ಹಕ್ಕು ಅಟೆಂಡೆಂಟ್‌ಗೂ ಇಲ್ಲ, ನಮಗೂ ಇಲ್ಲ.

*ಇನ್ಸುಲಿನ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ*

ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಪೆನ್ನಿಗೆ ಹಾಕುವುದು ಒಂದು ಮಿಲಿಲೀಟರಿಗೆ 100 ಯೂನಿಟ್. ಕೆಲವು ಬಾಟಲಿಗಳೂ 100ರವೇ ಇರುತ್ತವೆ. ಸಿರಿಂಜಿನಲ್ಲೂ ಎರಡು ಬಗೆ: 40ರ ಇನ್ಸುಲಿನ್ನಿಗೆ ಕೆಂಪು ಮುಚ್ಚಳದ್ದು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು.

ಡಾಕ್ಟರು 20 ಯೂನಿಟ್ ಬರೆದಿದ್ದಾರೆ ಎನ್ನಿ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ತಿರುಗಾಮುರುಗಾ ಆಗಿ, 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ್ದರಲ್ಲಿ 20 ಎಳೆದರೆ ಹೋಗುವುದು ಬರೀ 8 ಯೂನಿಟ್. ಆಗ ಸಕ್ಕರೆ ಏರುತ್ತಲೇ ಇರುತ್ತದೆ, ಡಾಕ್ಟರು ಡೋಸ್ ಹೆಚ್ಚಿಸುತ್ತಲೇ ಹೋಗುತ್ತಾರೆ. ಒಂದು ದಿನ ಯಾರೋ ಸರಿಯಾದ ಸಿರಿಂಜ್ ತರುತ್ತಾರೆ, ಅಂದು ಅನಾಹುತ. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯಲು ಯಾವ ಕಾರಣಕ್ಕೂ ಬಿಡಬೇಡಿ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡೂ ಒಂದೇ ಇದೆಯೇ ಎಂದು ಪ್ರತಿ ಸಲವೂ ನೋಡಬೇಕು.

ಇನ್ನು ಉಪವಾಸ. ಏಕಾದಶಿ, ಶಿವರಾತ್ರಿ, ಮಹಾರಾಷ್ಟ್ರಕ್ಕೆ ಬಂದ ಮೇಲೆ ಜೊತೆಗೆ ಸಂಕಷ್ಟಿಯೂ ಸೇರಿಕೊಂಡಿದೆ. ಅಮ್ಮ ಚಂದ್ರ ಕಾಣುವ ತನಕ ಊಟ ಮಾಡುವುದಿಲ್ಲ ಎಂಬುದು ಬೇರೆ ರಾಜ್ಯದ ಅಟೆಂಡೆಂಟ್‌ಗೆ ಗೊತ್ತಿರುವುದಿಲ್ಲ, ಆಕೆ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಕೊಟ್ಟುಬಿಡುತ್ತಾಳೆ. ಉಪವಾಸದ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಮುಂಚೆಯೇ ಕೇಳಿ ಬರೆದಿಡಿ. ಬೆವರು, ನಡುಕ, ಗಾಬರಿ, ಅಸಂಬದ್ಧ ಮಾತು ಕಂಡರೆ ಎಚ್ಚರವಿರುವವರಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108 ಅಥವಾ 112ಕ್ಕೆ ಕರೆ ಮಾಡಿ.

*ಎರಡು ಊರು, ಇಬ್ಬರು ಡಾಕ್ಟರು*

ಅಪ್ಪ ಅಮ್ಮ ಊರಿನಿಂದ ಬರುವಾಗ ಒಂದು ಕ್ಯಾರಿಬ್ಯಾಗ್ ತುಂಬ ಗುಳಿಗೆ ತರುತ್ತಾರೆ. ಇಲ್ಲಿನ ಡಾಕ್ಟರು ಹೊಸದಾಗಿ ಬರೆಯುತ್ತಾರೆ. ಹುಬ್ಬಳ್ಳಿಯ ಡಾಕ್ಟರು ಬರೆದ ಟೆಲ್ಮಿಸಾರ್ಟನ್ ಒಂದು ಬ್ರ್ಯಾಂಡ್, ಇಲ್ಲಿನವರು ಬರೆದದ್ದೂ ಟೆಲ್ಮಿಸಾರ್ಟನ್ನೇ, ಆದರೆ ಬೇರೆ ಬ್ರ್ಯಾಂಡ್. "ಅದು ಊರಿನ ಡಾಕ್ಟರದು, ಇದು ಇಲ್ಲಿಯದು" ಎಂದು ಎರಡನ್ನೂ ನುಂಗಿ, ಬಿಪಿ ಇಳಿದು ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಷ್ಟೇ ನೋಡಬೇಡಿ, ಔಷಧದ ಮೂಲ ಹೆಸರು ಓದಿ. ಆ ಕ್ಯಾರಿಬ್ಯಾಗನ್ನು ಹಾಗೆಯೇ, ಕಷಾಯದ ಪುಡಿ, ಹಾಗಲಕಾಯಿ ಚೂರ್ಣ, ಇಸಬ್ಗೋಲ್ ಸಮೇತ ಒಬ್ಬ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. "ಯಾವುದು ಇರಲಿ, ಯಾವುದು ಬೇಡ?" ಎಂದು ಕೇಳಿ.

ಮೂಲ ಹೆಸರುಗಳೂ ಮೋಸ ಮಾಡುತ್ತವೆ. ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟೊಪ್ರೊಲಾಲ್ ಹೃದಯ ಮತ್ತು ಬಿಪಿಗೆ. ಕಾರ್ಬಮಜೆಪಿನ್ ಮೂರ್ಛೆರೋಗಕ್ಕೆ, ಕಾರ್ಬಿಮಜೋಲ್ ಥೈರಾಯ್ಡ್‌ಗೆ. ಡಾಕ್ಟರ ಅಕ್ಷರ ತಿಳಿಯದಿದ್ದರೆ ಅಂಗಡಿಯವನ ಊಹೆಗೆ ಬಿಡಬೇಡಿ. ಔಷಧದ ಮೂಲ ಹೆಸರನ್ನು ಓದುವಂತೆ, ಆದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಲ್ಲೇ ನಿಯಮ ಬಂದಿದೆ. "ಸ್ವಲ್ಪ ಬಿಡಿಸಿ ಬರೀರಿ ಸರ್" ಎನ್ನಲು ಸಂಕೋಚ ಬೇಡ.

*ಕೊಡುವ ರೀತಿ*

ನರ್ಸಿಂಗ್ ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸುತ್ತಿದ್ದರು: ಸರಿಯಾದ ವ್ಯಕ್ತಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಆಮೇಲೆ ಬರೆದಿಡುವುದು. 'ವ್ಯಕ್ತಿ' ಎಂಬುದು ಮನೆಯಲ್ಲಿ ಹಾಸ್ಯದಂತೆ ಕಾಣಬಹುದು. ಆದರೆ ಅಜ್ಜ ಅಜ್ಜಿ ಇಬ್ಬರೂ ಇದ್ದು, ಇಬ್ಬರಿಗೂ ಬಿಪಿ ಇದ್ದು, ಎರಡೂ ಡಬ್ಬಿ ಒಂದೇ ಬಣ್ಣದ್ದಾಗಿದ್ದರೆ ಹಾಸ್ಯವಲ್ಲ. ಇಬ್ಬರ ಡಬ್ಬಿಯ ಬಣ್ಣ ಬೇರೆ ಇರಲಿ, ಮೇಲೆ ಅವರವರ ಫೋಟೋ ಅಂಟಿಸಿ.

'ದಾರಿ' ಎಂದರೆ, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟನ್ನು ನೀರಿನ ಜೊತೆ ನುಂಗಿಸುವುದಲ್ಲ. ಕೂರಿಸಿಯೇ ಕೊಡಿ, ಬಿಪಿ ತಟ್ಟನೆ ಇಳಿಯುತ್ತದೆ. ನುಂಗಲು ಕಷ್ಟವೆಂದು ಎಲ್ಲ ಗುಳಿಗೆಯನ್ನೂ ಕುಟ್ಟಾಣಿಯಲ್ಲಿ ಪುಡಿ ಮಾಡುವ ಅಭ್ಯಾಸ ಬೇಡ. ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿದ್ದರೆ ಅದು ದಿನವಿಡೀ ನಿಧಾನವಾಗಿ ಕರಗಬೇಕಾದದ್ದು, ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಗೇ ಹೋಗುತ್ತದೆ. ಹೊಟ್ಟೆಯುರಿಯ ಪ್ಯಾಂಟೊಪ್ರಜೋಲ್ ಗುಳಿಗೆ ಪುಡಿಯಾದರೆ ಕೆಲಸವನ್ನೇ ಮಾಡದು. ದ್ರವರೂಪದ್ದು ಸಿಗುತ್ತದೆಯೇ ಎಂದು ಕೇಳಿ. ಅದನ್ನು ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ, ಗೆರೆ ಇರುವ ಮುಚ್ಚಳದಲ್ಲೇ ಅಳೆಯಿರಿ.

'ಹೊತ್ತು' ಎಂದರೆ, ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಕಾಫಿಗೆ ಅರ್ಧ ಗಂಟೆಗಿಂತ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಪಾರ್ಕಿನ್ಸನ್ ಕಾಯಿಲೆಯ ಲೆವೊಡೋಪಾ ಅರ್ಧ ಗಂಟೆ ತಡವಾದರೂ ಕೆಲವರ ಕೈಕಾಲು ಹಿಡಿದುಕೊಳ್ಳುತ್ತದೆ. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಕೊಡಬಾರದು. ರಕ್ತ ತೆಳುಗೊಳಿಸುವ ಗುಳಿಗೆಯಾದರೆ ಡಾಕ್ಟರಿಗೆ ಫೋನ್ ಮಾಡಿಯೇ ಮುಂದುವರಿಯಿರಿ.

*ಒಂದು ಹಾಳೆ ಸಾಕು*

ಗೋಡೆಗೆ ಒಂದು ಹಾಳೆ ಅಂಟಿಸಿ. ಔಷಧದ ಹೆಸರು, ಯಾಕೆ ಕೊಡುವುದು, ಎಷ್ಟು, ಯಾವ ಹೊತ್ತಿಗೆ. ಪಕ್ಕದಲ್ಲಿ ತಾರೀಖಿನ ಮನೆಗಳು. ಕೊಟ್ಟು, ನುಂಗಿದ್ದನ್ನು ನೋಡಿದ *ಮೇಲೆ* ಸಹಿ, ಮೊದಲೇ ಅಲ್ಲ. ಕೊಡದಿದ್ದರೆ ಯಾಕೆ ಎಂದು ಒಂದು ಶಬ್ದ: ವಾಂತಿ, ಮಲಗಿದ್ದರು, ಬೇಡ ಎಂದರು. ವಾರಕ್ಕೊಮ್ಮೆಯ ಔಷಧವಿದ್ದರೆ ಉಳಿದ ಆರು ದಿನದ ಮನೆಗಳಿಗೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹೊಡೆದುಬಿಡಿ. ಆ ಸ್ಟ್ರಿಪ್ಪು ಡಬ್ಬಿಯಲ್ಲಿ ಇರಲೇಬಾರದು, ನಿಮ್ಮ ಕಪಾಟಿನಲ್ಲಿರಲಿ.

ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ಕನ್ನಡದ ೧ ಬೇರೆಯವರಿಗೆ ಸೊನ್ನೆಯಂತೆ ಕಾಣುತ್ತದೆ, ೬ ಮತ್ತು ೯ ನಮಗೇ ಗೊಂದಲ. ಚೀಟಿಯ 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಒಮ್ಮೆ ಕೂತು ವಿವರಿಸಿ. ಡೇಢ್, ದೀಡ ಎಂದರೆ ಒಂದೂವರೆ. ಧಾರವಾಡದ ಕಡೆಯವರಿಗೆ ಇದು ಗೊತ್ತು, ಮೈಸೂರಿನವರಿಗೆ ಗೊತ್ತಿರಲಿಕ್ಕಿಲ್ಲ. ಹಿಂದಿಯ 'ಕಲ್' ಎಂಬ ಪದವಂತೂ ನಿನ್ನೆಗೂ ಅದೇ, ನಾಳೆಗೂ ಅದೇ. "ಕಲ್ ಕಾ ಗೋಲಿ" ಎಂದರೆ ಯಾವುದು? ತಾರೀಖು ಹೇಳಿಸಿ.

ಪಾಳಿ ಬದಲಾಗುವಾಗ ಇಬ್ಬರೂ ಹಾಳೆಯ ಮುಂದೆ ನಿಲ್ಲಲಿ. ರಾತ್ರಿ ಹಾಳೆಯ ಫೋಟೋ ಮನೆಯವರ ಗ್ರೂಪಿಗೆ ಹಾಕಿಸಿ. ಬೆಂಗಳೂರಲ್ಲಿರುವ ಮಗಳಿಗೂ ಅಪ್ಪ ಇವತ್ತು ಗುಳಿಗೆ ನುಂಗಿದರೆಂದು ಗೊತ್ತಾಗುತ್ತದೆ.

*'ಬೇಡ' ಎಂದಾಗ*

ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ಔಷಧ ಬೇಡ ಎನ್ನಬಹುದು, ಅದು ಅವರ ಹಕ್ಕು. ಬಾಯಿ ಹಿಡಿದು ತುರುಕುವುದು, ಮೊಸರನ್ನದಲ್ಲಿ ಅಡಗಿಸಿ ಕೊಡುವುದು ಆರೈಕೆಯಲ್ಲ. ಮರೆವಿನ ಕಾಯಿಲೆ ಮುಂದುವರಿದು, ಔಷಧ ಏನೆಂದೇ ತಿಳಿಯದ ಸ್ಥಿತಿಯಲ್ಲಿ ಊಟದಲ್ಲಿ ಬೆರೆಸುವುದು ಅನಿವಾರ್ಯವಾದರೆ, ಡಾಕ್ಟರು ಮತ್ತು ಮನೆಯವರು ಕೂಡಿ ನಿರ್ಧರಿಸಿ ಚೀಟಿಯಲ್ಲೇ ಬರೆಸಿಕೊಳ್ಳಿ. ಅಟೆಂಡೆಂಟ್ ತಾನೇ ನಿರ್ಧರಿಸುವಂತಿಲ್ಲ. ಎಲ್ಲಕ್ಕಿಂತ ಮೊದಲು, ಯಾಕೆ ಬೇಡ ಎನ್ನುತ್ತಿದ್ದಾರೆಂದು ಕೇಳಬೇಕು. ವಾಕರಿಕೆಯಿರಬಹುದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿರಬಹುದು. ನಮ್ಮ ಗದಗಿನ ಅಜ್ಜಿಯ ಹಾಗೆ, ಅವರು ಹೇಳುವುದೇ ಸರಿಯಿರಬಹುದು.

ಆ ಮನೆಯಲ್ಲಿ ಈಗ ಮಾವಶಿಗೆ ಕನ್ನಡದ ಕೆಲವು ಶಬ್ದ ಕಲಿಸಿದ್ದಾರೆ: ಬೇಡ, ನೋವು, ತಲೆ ತಿರುಗ್ತದ, ಹಸಿವು, ಇದಲ್ಲ. ಅಜ್ಜಿ "ಇದಲ್ಲ" ಎಂದರೆ ಗುಳಿಗೆ ಕೆಳಗಿಟ್ಟು ಸೊಸೆಗೆ ಫೋನ್ ಹಚ್ಚಿ ಅಜ್ಜಿಯ ಕೈಗೆ ಕೊಡಬೇಕೆಂಬುದು ನಿಯಮ. ಹೌದು, ಅದೇ ಮಾವಶಿ. ಅವಳನ್ನು ಬಿಡಿಸಲಿಲ್ಲ. ತಪ್ಪು ಗೊತ್ತಾದ ದಿನ ಖಾಲಿ ಸ್ಟ್ರಿಪ್ ಅಡಗಿಸದೆ ಡಾಕ್ಟರ ಮುಂದೆ ಇಟ್ಟವಳು ಅವಳೇ. ಅದರಿಂದಲೇ ಕಾರಣ ಬೇಗ ತಿಳಿದು ಸರಿಯಾದ ಚಿಕಿತ್ಸೆ ಸಿಕ್ಕಿತು. ಬೈಗುಳದ ಭಯವಿರುವ ಮನೆಯಲ್ಲಿ ಸ್ಟ್ರಿಪ್ ಕಸದ ಬುಟ್ಟಿಗೆ ಹೋಗುತ್ತದೆ.

ವೃದ್ಧಾಶ್ರಮಕ್ಕೆ ಸೇರಿಸುವವರು ಹಾಸಿಗೆ, ಊಟ ನೋಡಿದ ಮೇಲೆ ಔಷಧದ ರಿಜಿಸ್ಟರನ್ನೂ ತೋರಿಸಿ ಎನ್ನಿ. ಔಷಧದ ಬೀರುವಿಗೆ ಬೀಗವಿದೆಯೇ, ರಾತ್ರಿ ಯಾರು ಕೊಡುತ್ತಾರೆ, ಕರೆಂಟ್ ಹೋದರೆ ಇನ್ಸುಲಿನ್ ಎಲ್ಲಿಡುತ್ತಾರೆ ಎಂದು ಕೇಳಿ. ತೆರೆಯದ ಇನ್ಸುಲಿನ್ನಿಗೆ 2ರಿಂದ 8 ಡಿಗ್ರಿ ತಂಪು ಬೇಕು, ಫ್ರೀಜರ್ ಕೂಡದು. ರಿಜಿಸ್ಟರ್ ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಕಡೆ ಹುಡುಕಿ.

ಬರೆದಿಟ್ಟುಕೊಳ್ಳುವ ನಂಬರುಗಳು: ಹಿರಿಯ ನಾಗರಿಕರ ಸಹಾಯವಾಣಿ ಎಲ್ಡರ್‌ಲೈನ್ *14567*, ಬೆಳಿಗ್ಗೆ 8ರಿಂದ ರಾತ್ರಿ 8, ನೀವು ಯಾವ ರಾಜ್ಯದಲ್ಲಿದ್ದರೂ ಇದೇ. ಔಷಧದಿಂದ ಅಡ್ಡಪರಿಣಾಮವಾದರೆ ತಿಳಿಸಲು *1800-180-3024*. ತುರ್ತಿಗೆ *112*. ಮೂರನ್ನೂ ಆ ಗೋಡೆಯ ಹಾಳೆಯ ಕೆಳಗೇ ಬರೆಯಿರಿ, ಪಕ್ಕದಲ್ಲಿ ಹತ್ತಿರದ ಕನ್ನಡ ಬಲ್ಲ ನೆರೆಯವರೊಬ್ಬರ ನಂಬರೂ ಇರಲಿ.